ತೊಳೆದ ಚಿನ್ನ

ಜನವರಿ ೧೨

ಪ್ರೀತಿಯ ಅತ್ತಿಗೆಗೆ,

ನಿಮ್ಮ ನಾದಿನಿಗೆ ಬಡ್ತಿ ಸಿಕ್ಕಿದೆ! ಪ್ಯಾಕಿಂಗ್ ಕೋಣೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿ ಅಂಟಿಸಿ ಬೆರಳ ಗೆರೆಗಳೇ ಅಳಿಸಿಹೋಗಿದ್ದವು. ಈ ತಿಂಗಳಿಂದ ತೊಳೆಯುವ ಕೋಣೆಗೆ ಹಾಕಿದ್ದಾರೆ. ಅಣ್ಣ ಏನೆಂದು ನಗುತ್ತಾನೋ ನನಗೆ ಗೊತ್ತು. "ಡಿಗ್ರಿ ಮಾಡಿದವಳ ಕೈಗೂ ಕೊನೆಗೆ ಚಿಪ್ಪೇ ಕೊಟ್ಟರಲ್ಲೇ!" ಅದು ಚಿಪ್ಪಲ್ಲ, ಚಿಪ್ ಎಂದು ಅವನಿಗೆ ಹೇಳಿ. ಹೆಬ್ಬೆರಳ ಉಗುರಿನಷ್ಟು ಗಾಜು, ಅದರ ಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾದ ಚಿನ್ನದ ಲೇಪ.

ನಿಮ್ಮ ಆಸ್ಪತ್ರೆಯ ಮೂಲೆಯಲ್ಲಿರುವ ಯಂತ್ರಕ್ಕೆ ನೀವು ದಿನಾ ತಿನ್ನಿಸುವುದು ಇದನ್ನೇ. ಹೃದಯಕ್ಕೆ ಪೆಟ್ಟು ಬಿದ್ದಿದ್ದರೆ ರಕ್ತಕ್ಕೆ ಒಂದು ಪ್ರೋಟೀನ್ ಸೋರಿರುತ್ತದೆ. ಚಿನ್ನದ ಮೇಲೆ ನಾವು ಕೂರಿಸಿದ ಪದರ ಅದನ್ನು ಹಿಡಿದುಕೊಳ್ಳುತ್ತದೆ, ಯಂತ್ರ ಅಂಕಿ ತೋರಿಸುತ್ತದೆ. ಬಳಸಿದ ಚಿಪ್‌ಗಳು ಡಬ್ಬಿಯಲ್ಲಿ ನಮ್ಮಲ್ಲಿಗೇ ಮರಳುತ್ತವೆ. ಹಳೆಯ ಪದರ ಕಿತ್ತು, ತೊಳೆದು, ಹೊಸದು ಕೂರಿಸಿ ಮತ್ತೆ ಕಳಿಸುತ್ತೇವೆ. ಕೆಲವೇ ಸಲ ಹೀಗೆ ಮಾಡಬಹುದು, ಆಮೇಲೆ ಚಿನ್ನ ಸವೆದುಹೋಗುತ್ತದೆ.

ತೊಳೆದದ್ದು ಶುಚಿಯಾಯಿತೋ ಇಲ್ಲವೋ ನೋಡುವ ಕ್ರಮ ನನಗೆ ಬಹಳ ಇಷ್ಟ. ಬರೀ ಚಿನ್ನದ ಮೇಲೆ ಶುದ್ಧ ನೀರಿನ ಒಂದು ಹನಿ ಬಿಡಬೇಕು. ಶುಚಿಯಾಗಿದ್ದರೆ ಹನಿ ಹಾಸಿಗೆ ಕಂಡ ಮಗುವಿನ ಹಾಗೆ ಹರಡಿಕೊಂಡು ಮಲಗುತ್ತದೆ. ಕೊಳೆಯಿದ್ದರೆ ಮುತ್ತಿನ ಹಾಗೆ ಗುಂಡಗೆ ನಿಲ್ಲುತ್ತದೆ.

ನಮ್ಮ ಮೇಲಧಿಕಾರಿಗೆ ನಾವಿಟ್ಟ ಹೆಸರು ಮೆತ್ತಗಪ್ಪ. ಬೈದರೂ ರಗ್ಗು ಹೊದಿಸಿದ ಹಾಗಿರುತ್ತದೆ. ಬುಸುಗುಟ್ಟುವ ಆಸಿಡ್ ತೊಟ್ಟಿಯನ್ನು ಅವರು ಮುಚ್ಚಿಸಿದ್ದಾರೆ. ಈಗ ಸೋಪಿನಂಥ ಹೊಸ ದ್ರಾವಣ. ಕೆಲಸ ಬೇಗ ಆಗುತ್ತದೆ, ನನ್ನ ಕೆಮ್ಮೂ ಕಡಿಮೆಯಾಗಿದೆ.

ಅಣ್ಣನ ಕೈಯಲ್ಲಿ ಒಂದು ಸಾಲಾದರೂ ಬರೆಸಿ. ಆ ಮನುಷ್ಯನಿಗೆ ಪೆನ್ನು ಹಿಡಿಯುವುದೆಂದರೆ ಹಾವು ಹಿಡಿದ ಹಾಗೆ.

ನಿಮ್ಮ,
ಗುಬ್ಬಿ


ಜನವರಿ ೨೭

ಪ್ರೀತಿಯ ಗುಬ್ಬಿ,

ನಿನ್ನ ಪತ್ರವನ್ನು ನಿನ್ನಣ್ಣ ಎರಡು ಸಲ ಓದಿಸಿಕೊಂಡು ಕೇಳಿದರು. ನೀನು ಹೇಳಿದ್ದನ್ನೇ ಹೇಳಿ ನಕ್ಕರು. ಬರೆಯಿರಿ ಎಂದರೆ, "ನೀನೇ ಬರಿ, ನಾನು ಚೆನ್ನಾಗಿದ್ದೀನಿ ಅಂತ ಹಾಕು" ಎಂದರು. ಹಾಕಿದ್ದೇನೆ.

ಇಲ್ಲಿ ಎಲ್ಲ ಹಾಗೇ ಇದೆ. ಬೆಟ್ಟದ ನೆತ್ತಿಯ ಮೇಲೆ ತಗಡಿನ ಮನೆಗಳ ಸಾಲು, ನಡುವೆ ಗಣಿಯ ಬಾವಿ. ಇಲ್ಲಿನವರ ಬಾಯಲ್ಲಿ "ಕೆಳಗೆ" ಎಂದರೆ ಒಂದೇ ಅರ್ಥ, ಆ ಬಾವಿಯೊಳಗೆ. "ಕೆಳಗೆ ಹೋದರಾ?" "ಕೆಳಗಿಂದ ಬಂದರಾ?" ಹೆಂಗಸರು ನಲ್ಲಿಯ ಹತ್ತಿರ ಕೇಳುವುದು ಇಷ್ಟೇ. ಫೋನಿಗೆ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕು ಹತ್ತಬೇಕು, ಅಲ್ಲೂ ಗಾಳಿ ಬೀಸಿದರೆ ಹೋಗುತ್ತದೆ. ಆಸ್ಪತ್ರೆಯ ಫೋನು ಆಫೀಸಿನಲ್ಲಿದೆ, ಅದಕ್ಕೆ ಗುಮಾಸ್ತನೇ ಕಾವಲುಗಾರ. ಹಾಗಾಗಿ ಸಾಮಾನಿನ ಲಾರಿಯೇ ನಮ್ಮ ಟಪಾಲು.

ನಿನ್ನಣ್ಣ ಸೋಮಾರಿಯಾಗಿದ್ದಾರೆ. ಪಾಳಿ ಮುಗಿಸಿ ಕೆಳಗಿಂದ ಬಂದವರು ಮನೆಯ ಮೆಟ್ಟಿಲು ಅರ್ಧ ಹತ್ತಿ ಕೂತುಬಿಡುತ್ತಾರೆ. ವಯಸ್ಸಾಯಿತಾ ಎಂದು ರೇಗಿಸುತ್ತೇನೆ.

ಹೋದ ವಾರ ಕ್ರೇನ್ ಓಡಿಸುವವರೊಬ್ಬರು ದವಡೆ ನೋವು, ಬೆವರು ಎಂದು ಬಂದರು. ನಿಮ್ಮ ಚಿಪ್ ಹಾಕಿ ನೋಡಿದೆವು. ಏನೂ ಇಲ್ಲ ಎಂದಿತು. ಮಾರನೆಯ ದಿನ ಊಟದ ಕೋಣೆಯಲ್ಲಿ ತಟ್ಟೆಯ ಮೇಲೇ ಬಿದ್ದರು. ಡಾಕ್ಟರು, "ನೂರಕ್ಕೊಬ್ಬರು ಹೀಗೆ ಕೈ ತಪ್ಪಿ ಹೋಗ್ತಾರೆ ಸಿಸ್ಟರ್, ಯಂತ್ರ ಏನು ಮಾಡುತ್ತೆ" ಎಂದರು. ಇಲ್ಲಿಯ ಇಸಿಜಿ ಯಂತ್ರ ಕೆಟ್ಟು ಕೂತಿದೆ, ದೊಡ್ಡಾಸ್ಪತ್ರೆಗೆ ಇಲ್ಲಿಂದ ಒಂದಿಡೀ ದಿನದ ದಾರಿ. ಯಾರನ್ನು ಅಲ್ಲಿಗೆ ಕಳಿಸಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ಅವರು ತೀರ್ಮಾನಿಸುವುದು ಆ ಅಂಕಿ ನೋಡಿಯೇ.

ಸುಮ್ಮನೆ ಕೇಳುತ್ತೇನೆ ಗುಬ್ಬಿ, ಯಂತ್ರ "ಇಲ್ಲ" ಎಂದಾಗ ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ಬೇರೆ ಕಾರಣವೇನಿಲ್ಲ.

ನಿನ್ನ,
ಅತ್ತಿಗೆ


ಫೆಬ್ರವರಿ ೧೦

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಸುಳ್ಳೇಕೆ ಹೇಳಲಿ. ಇದನ್ನು ನೀವೇ ಕೇಳಿದಿರೋ, ನಿಮ್ಮ ಡಾಕ್ಟರು ಕೇಳಿಸಿದರೋ? ದೂರು ಬರೆಯುವ ಯೋಚನೆ ಇದ್ದರೆ ಮೊದಲೇ ಹೇಳಿಬಿಡಿ. ಪಕ್ಕದ ಸಾಲಿನವಳು ಏನೋ ಪ್ರಶ್ನೆ ಕೇಳಿದಳೆಂದು ಅವಳನ್ನು ಗೋದಾಮಿಗೆ ಹಾಕಿದ್ದಾರೆ. ನನ್ನ ಅತ್ತಿಗೆಯ ಆಸ್ಪತ್ರೆಯಿಂದಲೇ ದೂರು ಬಂದರೆ ನನ್ನ ಗತಿ?

ಕುಂಬಳಕಾಯಿ ಕಳ್ಳ ಅಂದರೆ ಇವಳೇಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾಳೆ ಎಂದುಕೊಳ್ಳಬೇಡಿ. ನಾನು ಮೆತ್ತಗಪ್ಪನವರನ್ನು ಸುಮ್ಮನೆ ಕೇಳುವ ಹಾಗೆ ಕೇಳಿದೆ. "ನೋಡಮ್ಮ, ಚಿನ್ನಕ್ಕೆ ಯಾವತ್ತಾದರೂ ಮೈಲಿಗೆ ಆಗುತ್ತಾ?" ಎಂದು ನಕ್ಕರು. ಹನಿ ಪರೀಕ್ಷೆಯನ್ನೂ ನಿಲ್ಲಿಸಿದ್ದಾರೆ, ಸಮಯ ಉಳಿಯಲಿ ಎಂದು. ಹೊಸ ದ್ರಾವಣ ಅಷ್ಟು ಚೆನ್ನಾಗಿ ತೊಳೆಯುತ್ತದಂತೆ. ನೋಡಲಿಕ್ಕಂತೂ ಫಳಫಳ ಹೊಳೆಯುತ್ತವೆ.

ನೀವು ಯೋಚನೆ ಮಾಡಬೇಡಿ. ಯಂತ್ರ ಸರಿ ಅಂದರೆ ಸರಿ. ಕ್ರೇನಿನವರದ್ದು ದುರದೃಷ್ಟ.

ಅಣ್ಣ ಹೇಗಿದ್ದಾನೆ ಎಂದು ನೀವು ಈ ಸಲವೂ ಸರಿಯಾಗಿ ಬರೆಯಲಿಲ್ಲ.

ಗುಬ್ಬಿ


ಫೆಬ್ರವರಿ ೨೪

ಪ್ರೀತಿಯ ಗುಬ್ಬಿ,

ದೂರೂ ಇಲ್ಲ, ಏನೂ ಇಲ್ಲ ಮಾರಾಯ್ತಿ. ನೀನು ಹೀಗೆ ಮುಖ ಊದಿಸಿಕೊಂಡರೆ ನಾನು ಯಾರನ್ನು ಕೇಳಲಿ?

ನಿನ್ನ ಪತ್ರದಿಂದ ಒಂದು ಉಪಕಾರವಾಯಿತು. ಇಲ್ಲೊಬ್ಬರು ಕೆಲವು ವಾರಗಳಿಂದ ಎದೆಯ ಮೇಲೆ ಅಂಗೈ ಒತ್ತಿಕೊಂಡು ಓಡಾಡುತ್ತಿದ್ದರು. ಕೇಳಿದರೆ ಗ್ಯಾಸು ಎನ್ನುತ್ತಿದ್ದರು. ಬಹಳ ಹಟ. ಕೊನೆಗೆ ಹೆಚ್ಚುಕಡಿಮೆ ಎಳೆದುಕೊಂಡೇ ಹೋಗಿ ರಕ್ತ ಕೊಡಿಸಿದೆ. ಏನೂ ಇಲ್ಲ ಎಂದು ಬಂತು. ಇನ್ನೊಮ್ಮೆ ಮಾಡಿದೆ. ಆಗಲೂ ಅಷ್ಟೇ. ನನಗೆ ಸಮಾಧಾನವಾಗಲಿಲ್ಲ. ರಜೆ ಹಾಕಿಸಿ ಕೆಲಸಕ್ಕೆ ಹೋಗದ ಹಾಗೆ ತಡೆದಿದ್ದೆ. ಮನೆಯಲ್ಲಿ ಕೂತು ಅವರಿಗೆ ಹುಚ್ಚು ಹಿಡಿದ ಹಾಗಾಗಿತ್ತು.

ಅಷ್ಟರಲ್ಲಿ ನಿನ್ನ ಪತ್ರ ಬಂತು. ಓದಿ ಹೇಳಿದೆ. "ನೋಡಿದೆಯಾ, ಗುಬ್ಬಿನೇ ಸರಿ ಅಂದ ಮೇಲೆ ಇನ್ನೇನು?" ಎಂದು ನಕ್ಕರು. ಆದರೂ ನಾನಿನ್ನೂ ಬಿಟ್ಟಿಲ್ಲ. ರಜೆ ಮುಗಿಯುವ ತನಕ ನೋಡೋಣ ಎಂದಿದ್ದೇನೆ.

ನಿನ್ನಣ್ಣ ಚೆನ್ನಾಗಿದ್ದಾರೆ.

ನಿನ್ನ,
ಅತ್ತಿಗೆ


ಮಾರ್ಚ್ ೩

ಅತ್ತಿಗೆ,

ನನ್ನನ್ನು ಗುಬ್ಬಿ ಎಂದು ಕರೆಯುವವರು ಈ ಭೂಮಿಯ ಮೇಲೆ ಇಬ್ಬರೇ ಇದ್ದೀರಿ. ಒಬ್ಬರು ಪತ್ರ ಬರೆದವರು. ಇನ್ನೊಬ್ಬ ಅಣ್ಣ.

ಯಾಕೆ ಮುಚ್ಚಿಟ್ಟಿರಿ? ಹೇಳಬೇಡ ಎಂದು ಅವನೇ ಆಣೆ ಹಾಕಿಸಿದ್ದಾನೆ, ಅಲ್ಲವೇ? ಅಪ್ಪ ಹೋದದ್ದೂ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ. ಅದನ್ನು ಕಂಡವರು ನಾವಿಬ್ಬರೂ. ಅವನು ಮರೆತಿರಲು ಸಾಧ್ಯವಿಲ್ಲ.

ಈಗ ನಾನು ಮುಚ್ಚಿಟ್ಟದ್ದನ್ನು ಕೇಳಿ. ಆ ಸೋಪಿನ ನೀರು ಹಳೆಯ ಪದರವನ್ನು ಪೂರ್ತಿ ಕೀಳುವುದಿಲ್ಲ. ಹೋದ ತಿಂಗಳು ಯಾರೂ ಇಲ್ಲದಾಗ ನಾನೇ ಹನಿ ಬಿಟ್ಟು ನೋಡಿದೆ. ಗುಂಡಗೆ ನಿಂತಿತು. ಇನ್ನೊಂದು ಚಿಪ್, ಅದೂ ಹಾಗೇ. ಮುಂಚೆ ಯಾರದೋ ರಕ್ತ ಬಿದ್ದ ಜಾಗದಲ್ಲಿ ಆ ರಕ್ತದ್ದೇ ಚೂರು ಅಂಟಿಕೊಂಡು ಕೂತಿದೆ. ಹೊಸ ಪದರಕ್ಕೆ ಕೂರಲು ಜಾಗವಿಲ್ಲ. ಹಿಡಿಯುವ ಕೈಗಳೇ ಇಲ್ಲದ ಮೇಲೆ ಹಿಡಿಯುವುದು ಏನನ್ನು? ರಕ್ತದಲ್ಲಿ ಪ್ರೋಟೀನ್ ಇದ್ದರೂ ಯಂತ್ರ ಇಲ್ಲ ಎನ್ನುತ್ತದೆ. ಸವೆದುಹೋಗಿ ಎಸೆಯಬೇಕಾದವುಗಳನ್ನೂ ತೊಳೆದು ದೂರದ ಊರುಗಳಿಗೆ ಕಳಿಸುತ್ತಿದ್ದಾರೆ. ಮೇಲೆ ಥಳಕು, ಒಳಗೆ ಹುಳುಕು. ಇಷ್ಟೆಲ್ಲ ತಿಳಿದೂ ನಿಮಗೆ "ಸರಿ ಅಂದರೆ ಸರಿ" ಎಂದು ಬರೆದೆ. ಕೆಲಸ ಹೋಗುತ್ತದೆ ಎಂಬ ಭಯ. ಬೇರೇನಿಲ್ಲ.

ನಿಮ್ಮ ಪತ್ರ ಕೈಗೆ ಸಿಕ್ಕಿದ ಕೂಡಲೇ ಗೇಟಿನ ಹೊರಗೆ ಓಡಿ ಆಸ್ಪತ್ರೆಗೆ ಫೋನು ಮಾಡಿದೆ. ಗುಮಾಸ್ತರು ಸಿಕ್ಕರು. ಲೈನಿನಲ್ಲಿ ಬರೀ ಗರಗರ. ನೀವು ವಾರ್ಡಿನಲ್ಲಿದ್ದೀರಂತೆ. "ಏನು ವಿಷಯ, ಬೇಗ ಹೇಳಿ" ಎಂದರು. ಯಂತ್ರದ ವಿಷಯ ಹೇಳುತ್ತಿದ್ದಂತೆ "ಕೇಳಿಸ್ತಿಲ್ಲಮ್ಮ, ಕೇಳಿಸ್ತಿಲ್ಲ" ಎಂದರು. "ಅಣ್ಣನ್ನ ಕೆಳಗೆ ಕಳಿಸಿ, ಇವತ್ತೇ ಕಳಿಸಿ ಅಂತ ಅತ್ತಿಗೆಗೆ ಹೇಳಿ" ಎಂದು ಕೂಗಿದೆ. "ಆಯ್ತಮ್ಮ, ಹೇಳ್ತೀನಿ" ಎಂದರು. ಅಷ್ಟರಲ್ಲಿ ಲೈನು ಹೋಯಿತು. ಅಷ್ಟು ಮುಟ್ಟಿದರೂ ಸಾಕು.

ಇದನ್ನು ರಾತ್ರಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ, ನಿಮ್ಮ ಲಾರಿಗೆ ಬೇಗ ಸೇರಲಿ. ಈ ಪತ್ರ ಬರುವ ಹೊತ್ತಿಗೆ ಅವನು ದೊಡ್ಡಾಸ್ಪತ್ರೆಯ ಹಾಸಿಗೆಯ ಮೇಲೆ ನನ್ನನ್ನು ಬೈಯುತ್ತಾ ಮಲಗಿರಲಿ.

ಗುಬ್ಬಿ


ಮಾರ್ಚ್ ೪

ಪ್ರೀತಿಯ ಗುಬ್ಬಿ,

ನಿನ್ನದು ಬೆಕ್ಕಿನ ಕಿವಿ ಕಣೇ! ಪತ್ರದಲ್ಲಿ ನಾನು ಅಷ್ಟು ಮರೆಮಾಚಿದ್ದರೂ ಹೇಗೆ ತಿಳಿದುಕೊಂಡೆ? ನಿನ್ನೆ ಗುಮಾಸ್ತ ಆಫೀಸಿನ ಬಾಗಿಲಿನಿಂದಲೇ ಕೂಗಿದ. "ಸಿಸ್ಟರ್, ನಿಮ್ಮ ನಾದಿನಿ ಫೋನು! ಅಣ್ಣನ್ನ ಕೆಳಗೆ ಕಳಿಸಬೇಕಂತೆ! ಇವತ್ತೇ ಕಳಿಸಿ ಅಂದ್ರು!" ವಾರ್ಡಿನವರೆಲ್ಲ ನಕ್ಕರು. ಮೇಸ್ತ್ರಿಗಿಂತ ಇವಳದ್ದೇ ಜೋರು ಎಂದು.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ. ಹೌದು, ಅದು ನಿನ್ನಣ್ಣನೇ. "ಅವಳಿಗೆ ಹೇಳಿದರೆ ಅಪ್ಪನ್ನ ನೆನೆಸ್ಕೊಂಡು ಊಟ ಬಿಡ್ತಾಳೆ" ಎಂದು ಬಾಯಿಗೆ ಬೀಗ ಹಾಕಿಸಿದ್ದರು. ನಾನು ಇನ್ನೂ ಸ್ವಲ್ಪ ದಿನ ಮನೆಯಲ್ಲೇ ಇರಿಸಿಕೊಳ್ಳಬೇಕೆಂದಿದ್ದೆ. ಆದರೆ ಆ ಚಿಪ್ ತೊಳೆಯುವವಳೇ ಫೋನು ಮಾಡಿ ಧೈರ್ಯವಾಗಿ ಕಳಿಸು ಎಂದ ಮೇಲೆ ತಡೆಯಲು ನಾನ್ಯಾರು?

ಇವತ್ತು ಬೆಳಿಗ್ಗೆ ಹೋದರು. ಹೆಲ್ಮೆಟ್ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಮದುಮಗನ ಹಾಗೆ ಮೀಸೆ ನೀವಿಕೊಂಡರು. "ಗುಬ್ಬಿಗೆ ನಾನೇ ಬರೀತೀನಿ ಈ ಸಲ" ಎಂದಿದ್ದಾರೆ. ನಂಬುತ್ತೀಯಾ? ಬಾಗಿಲು ದಾಟುವಾಗ ಒಂದು ಕ್ಷಣ ಚೌಕಟ್ಟು ಹಿಡಿದು ನಿಂತರು. ಏನು ಎಂದೆ. ಬೂಟಿನ ದಾರ ಎಂದರು.

ನನಗೇನೋ ಮನಸ್ಸು ಹಗುರವಾಗಬೇಕಿತ್ತು. ಆಗಿಲ್ಲ. ರೂಢಿ ಇರಬೇಕು.

ಬಾವಿಯ ಕಡೆ ಗಂಟೆ ಹೊಡೆಯುತ್ತಿದೆ. ಪಾಳಿ ಬಿಡುವ ಹೊತ್ತಲ್ಲ ಇದು. ಲಾರಿಯವನು ಅವಸರ ಮಾಡುತ್ತಿದ್ದಾನೆ, ಮುಗಿಸುತ್ತೇನೆ.

ಅತ್ತಿಗೆ


ಮಾರ್ಚ್ ೮

ನಿನ್ನಣ್ಣ ತೀರಿಕೊಂಡರು. ನಾಲ್ಕನೇ ತಾರೀಕು ಕೆಳಗೆ ಕುಸಿದರು. ಆಳುಗಳನ್ನು ಬಾವಿಗೆ ಇಳಿಸಿ ಏರಿಸುವ ತೊಟ್ಟಿಲಿನಲ್ಲಿ ಮೇಲಕ್ಕೆ ಎತ್ತಿ ತಂದಾಗ ಉಸಿರಿತ್ತು. ನನ್ನ ಕೈ ಹಿಡಿದರು. ಡಾಕ್ಟರು ಮತ್ತೆ ರಕ್ತ ತೆಗೆದು ಚಿಪ್ ಹಾಕಿದರು. ನನ್ನ ಕಣ್ಣೆದುರು, ಗಂಡ ಸಾಯುತ್ತಿರುವಾಗ, ಯಂತ್ರ ಏನೂ ಇಲ್ಲ ಎಂದಿತು. ಡಾಕ್ಟರು ಯಂತ್ರವನ್ನು ನೋಡಿದರು, ಅವರನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು.

ನಿನಗೆ ಫೋನು ಮಾಡಲಾ ಎಂದು ಗುಮಾಸ್ತ ಕೇಳಿದ. ನಾಳೆ ನೋಡೋಣ ಎಂದೆ. ಮಾರನೆಯ ದಿನದ ಲಾರಿಯಲ್ಲಿ ನಿನ್ನ ಮೂರನೇ ತಾರೀಕಿನ ಪತ್ರ ಬಂತು. ಇನ್ನೂ ಮಣ್ಣು ಮಾಡಿರಲಿಲ್ಲ. ಪಕ್ಕದಲ್ಲಿ ಕೂತೇ ಓದಿದೆ. ಆಮೇಲೆ ಗುಮಾಸ್ತನಿಗೆ ಫೋನು ಬೇಡ ಎಂದೆ. ನೀನು ಬರುವುದು ನನಗೆ ಬೇಕಿರಲಿಲ್ಲ. ಈಗಲೂ ಬೇಕಿಲ್ಲ. ಬರಬೇಡ.

ಒಂದು ವಿಷಯಕ್ಕೆ ಮಾತ್ರ ಉತ್ತರ ಬೇಕು. ಆಸ್ಪತ್ರೆಯ ಬೀರು ತುಂಬ ನಿಮ್ಮ ಡಬ್ಬಿಗಳಿವೆ. ನಾಳೆ ಇನ್ಯಾರೋ ಎದೆ ಹಿಡಿದುಕೊಂಡು ಬರುತ್ತಾರೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೇಗೆ ಗುರುತಿಸುವುದು? ಮೊದಲು ಅದನ್ನು ತಿಳಿಸು. ಅಳುವುದಿದ್ದರೆ ಆಮೇಲೆ ಅಳು.


ಮಾರ್ಚ್ ೧೦

ಅತ್ತಿಗೆ, ಅತ್ತಿಗೆ,

ನಾಲ್ಕನೇ ತಾರೀಕಿನ ಪತ್ರ ಈಗಷ್ಟೇ ಬಂತು. ಕೆಳಗೆ ಎಂದರೆ ಬೆಟ್ಟದ ಕೆಳಗೆ. ದೊಡ್ಡಾಸ್ಪತ್ರೆಗೆ. ದೇವರೇ, ಬಾವಿಯೊಳಗಲ್ಲ.

ನಾನು ಫೋನು ಹಾಕುತ್ತಲೇ ಇದ್ದೇನೆ, ಲೈನೇ ಹತ್ತುತ್ತಿಲ್ಲ. ಅವನು ಒಂದು ಪಾಳಿ ಮುಗಿಸಿ ಸುಸ್ತಾಗಿ ಮನೆಗೆ ಬಂದು ಮಲಗಿರುತ್ತಾನೆ, ಅಲ್ಲವೇ? ಕಳ್ಳ, ಬೂಟಿನ ದಾರವಂತೆ. ಇನ್ನೊಂದು ಪಾಳಿಗೆ ಕಳಿಸಬೇಡಿ. ಹೆಲ್ಮೆಟ್ ಬಚ್ಚಿಡಿ, ಬೂಟು ಬಚ್ಚಿಡಿ, ಜಗಳ ತೆಗೆಯಿರಿ. ನನ್ನ ಮೂರನೇ ತಾರೀಕಿನ ಪತ್ರ ನಿಮಗೆ ಸಿಕ್ಕಿರಬೇಕು. ಸಿಕ್ಕಿದ್ದರೆ ಈಗಾಗಲೇ ಲಾರಿ ಹತ್ತಿಸಿರುತ್ತೀರಿ. ಖಂಡಿತ ಹತ್ತಿಸಿರುತ್ತೀರಿ.

ಬಸ್ಸಿನ ಟಿಕೆಟ್ ತೆಗೆಸಿದ್ದೇನೆ. ಮೆತ್ತಗಪ್ಪನವರು ಕೇಳಿದ ತಕ್ಷಣ ರಜೆ ಕೊಟ್ಟರು. "ಹೋಗಿ ಬಾಮ್ಮ, ಅಣ್ಣನಿಗಿಂತ ಕೆಲಸ ದೊಡ್ಡದಾ?" ಎಂದರು. ಆ ದನಿ ಕೇಳಿ ನನಗೆ ಮೊದಲ ಸಲ ಹೆದರಿಕೆಯಾಯಿತು.

ಅಣ್ಣ ಬರೆಯುತ್ತೇನೆ ಎಂದಿದ್ದಾನಲ್ಲ, ಬರೆಯಲಿ. ಕಾಯುತ್ತಿದ್ದೇನೆ ಎಂದು ಹೇಳಿ.

ಗುಬ್ಬಿ


ಮಾರ್ಚ್ ೨೦

ಅತ್ತಿಗೆ,

ಚೀಲ ಹೆಗಲಿಗೇರಿಸಿಕೊಂಡು ಬಾಗಿಲು ಹಾಕುವಾಗ ನಿಮ್ಮ ಪತ್ರ ಬಂತು. ಬರಬೇಡ ಅಂದಿರಿ. ಬರಲಿಲ್ಲ.

ನಿಮ್ಮ ಪ್ರಶ್ನೆಗೆ ಫೋನಿನಲ್ಲೇ ಉತ್ತರ ಹೇಳಲು ದಿನಾ ನೋಡಿದೆ, ಲೈನು ಹತ್ತಲಿಲ್ಲ. ಉತ್ತರ ಇದು: ಗುರುತಿಸಲು ಬರುವುದಿಲ್ಲ. ಹನಿ ಪರೀಕ್ಷೆ ಬರೀ ಚಿನ್ನಕ್ಕೆ ಮಾತ್ರ. ಮೇಲೆ ಪದರ ಕೂರಿಸಿದ ಮೇಲೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಹೊಳೆಯುತ್ತವೆ. ಡಬ್ಬಿಯ ಮೇಲಿನ ಚೀಟಿ ನೋಡಬೇಡಿ, ಅದರಲ್ಲಿ ಹೊಸದು ಎಂದೇ ಇರುತ್ತದೆ. ಅಂಥ ಚೀಟಿಯನ್ನು ನಾನೇ ಅಂಟಿಸಿದ್ದೇನೆ. ಒಂದನ್ನೂ ಉಳಿಸದೆ ಎಲ್ಲವನ್ನೂ ನಾಶ ಮಾಡಿ. ಎದೆನೋವೆಂದು ಬಂದವರನ್ನೆಲ್ಲ ದೊಡ್ಡಾಸ್ಪತ್ರೆಗೆ ಕಳಿಸಿ.

ಬಸ್ಸಿಗೆ ಹೋಗದೆ ಆರೋಗ್ಯ ಇಲಾಖೆಗೆ ಹೋದೆ. ಅಧಿಕಾರಿ ಒಬ್ಬ ಹೆಂಗಸು. ತೊಳೆಯುವ ಕೋಣೆಯಿಂದ ಕದ್ದು ತಂದ ಎರಡು ಚಿಪ್ ಮೇಜಿನ ಮೇಲೆ ಇಟ್ಟೆ. ಎರಡೂ ಬರೀ ಚಿನ್ನದವು. ಒಂದು ಸೋಪಿನ ನೀರಿನಿಂದ ಎದ್ದದ್ದು, ಇನ್ನೊಂದು ಅಲ್ಲೇ ಮಿಕ್ಕಿದ್ದ ಆಸಿಡ್‌ನಲ್ಲಿ ನಾನೇ ಹಳೆಯ ಕ್ರಮದಲ್ಲಿ ತೊಳೆದು, ಶುದ್ಧ ನೀರಿನಲ್ಲೇ ಮುಳುಗಿಸಿ ತಂದದ್ದು. ಎರಡರ ಮೇಲೂ ಹನಿ ಬಿಟ್ಟೆ. ಒಂದು ಹರಡಿತು. ಒಂದು ನಿಂತಿತು.

"ನೀರು ನಿಂತರೆ ಏನಾಗುತ್ತಮ್ಮ?" ಎಂದರು.

"ನಮ್ಮಣ್ಣ ಹೋದ ಮೇಡಂ" ಎಂದೆ.

ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿ, ಎಲ್ಲವನ್ನೂ ಮೊದಲಿನಿಂದ ಹೇಳಿಸಿ ಬರೆದುಕೊಂಡರು. ಮಾರನೆಯ ದಿನ ಬಂದು ತೊಳೆಯುವ ಕೋಣೆಗೆ ಬೀಗ ಜಡಿದರು. ಮೆತ್ತಗಪ್ಪನವರು ಇಲಾಖೆಯ ಜೀಪು ಹತ್ತುವಾಗಲೂ ದನಿ ಏರಿಸಲಿಲ್ಲ. "ನನಗೊಂದು ಮಾತು ಹೇಳಿದ್ದರೆ ಆಗ್ತಿತ್ತಲ್ಲಮ್ಮ" ಎಂದರು. ಹೇಳಬಹುದಿತ್ತು. ನಿಮಗೂ ಹೇಳಬಹುದಿತ್ತು, ಫೆಬ್ರವರಿಯಲ್ಲೇ.

ಬೀಗ ಬಿದ್ದದ್ದು ಕೋಣೆಗೆ ಮಾತ್ರ. ಹೊರಟುಹೋದ ಡಬ್ಬಿಗಳು ಎಲ್ಲೆಲ್ಲಿ ಇವೆಯೋ ಗೊತ್ತಿಲ್ಲ. ವಾಪಸು ಕಳಿಸಿ ಎಂದು ಇಲಾಖೆಯಿಂದ ಆದೇಶ ಹೊರಡಬೇಕಂತೆ, ಅದಕ್ಕೆ ಮೇಲಿನವರ ಸಹಿ ಬೇಕಂತೆ, ಅವರು ಊರಲ್ಲಿಲ್ಲವಂತೆ. ನಾನು ದಿನಾ ಹೋಗಿ ಆ ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದೇನೆ. ಜವಾನ ಈಗ ನನ್ನನ್ನು ಕಂಡರೆ ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತಾನೆ.

ನನಗೆ ಉತ್ತರ ಬರೆಯಬೇಕಾಗಿಲ್ಲ. ಡಬ್ಬಿಗಳನ್ನು ನಾಶ ಮಾಡಿದ್ದೇನೆ ಎಂದು ಒಂದು ಸಾಲು ಬರೆದರೆ ಸಾಕು.


ಏಪ್ರಿಲ್ ೨

ನಮ್ಮ ಬೀರು ಖಾಲಿಯಾಗಿದೆ. ಡಾಕ್ಟರೇ ಮುಂದೆ ನಿಂತು ಕಲ್ಲಿನ ಮೇಲಿಟ್ಟು ಜಜ್ಜಿದರು. ಆಮೇಲೆ ಅಲ್ಲೇ ಕೂತುಬಿಟ್ಟರು. ಕ್ರೇನಿನವರ ಹೆಂಡತಿಗೆ ಏನು ಹೇಳಲಿ ಎಂದು ನನ್ನನ್ನು ಕೇಳಿದರು. ನಿಜ ಹೇಳಿ ಎಂದೆ.

ನಿನ್ನೆ ಬೆಳಿಗ್ಗೆ ನಲ್ಲಿಯ ಹತ್ತಿರದ ಮನೆಯಾಕೆ ಎಡಗೈ ಜೋಮು, ಬೆವರು ಎಂದು ಬಂದಳು. ಡಾಕ್ಟರು ಕೂಡಲೇ ಲಾರಿ ಹತ್ತಿಸಿದರು. ಜೊತೆಗೆ ನಾನೂ ಬಂದೆ. ದಾರಿಯುದ್ದಕ್ಕೂ ಅವಳ ನಾಡಿ ಹಿಡಿದು ಕೂತಿದ್ದೆ. ಬದುಕಿದ್ದಾಳೆ. ಈಗ ದೊಡ್ಡಾಸ್ಪತ್ರೆಯ ಒಳಗಿದ್ದಾಳೆ, ನಾನು ಹೊರಗೆ ಬೆಂಚಿನ ಮೇಲಿದ್ದೇನೆ.

ಇಲ್ಲಿಗೆ ಬಂದ ಕೂಡಲೇ ಇಲ್ಲಿಯ ನರ್ಸು ಅವಳ ರಕ್ತ ತೆಗೆದಳು. ಬೀರು ತೆಗೆದಳು. ನೋಡುತ್ತೇನೆ, ಅದೇ ಡಬ್ಬಿ. ಅದೇ ನೀಲಿ ಚೀಟಿ. ಮೇಲಿನಿಂದ ಕೆಳಗಿನ ತನಕ ಅದೇ ಸಾಲು.

"ಎಲ್ಲಿಂದ ತರಿಸಿದಿರಿ?" ಎಂದೆ.

"ಹೊಸ ಸ್ಟಾಕು ಸಿಸ್ಟರ್, ಹೋದ ವಾರ ಬಂತು" ಎಂದಳು. ಚಿಪ್ ಅನ್ನು ಚಿಮಟದಲ್ಲಿ ಎತ್ತಿದ್ದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಬಿಡಲಿಲ್ಲ. ಅವಳು ಕಿರುಚಿದಳು, ಜನ ಸೇರಿದರು, ಗಂಡ ಸತ್ತವಳು ಪಾಪ, ತಲೆ ಕೆಟ್ಟಿದೆ ಎಂದು ನಮ್ಮ ಲಾರಿಯವನೇ ಅಂದ. ಕೊನೆಗೆ ಇಲ್ಲಿಯ ವಯಸ್ಸಾದ ಡಾಕ್ಟರೊಬ್ಬರು ಯಂತ್ರ ಬಿಟ್ಟು ಬೇರೆ ಪರೀಕ್ಷೆ ಮಾಡಿಸಲು ಒಪ್ಪಿದರು. ಅವಳೊಬ್ಬಳಿಗೆ ಮಾತ್ರ. "ಇಡೀ ಆಸ್ಪತ್ರೆಗೆ ಅಂದರೆ ಕಾಗದ ಬೇಕಮ್ಮ, ನಿಮ್ಮ ಮಾತಿನ ಮೇಲೆ ಹೇಗೆ ನಿಲ್ಲಿಸಲಿ?" ಎಂದರು. ನಾನು ಇದನ್ನು ಬರೆಯುತ್ತಿರುವಾಗಲೂ ಒಳಗೆ ಯಾರದೋ ರಕ್ತ ಅದರ ಮೇಲೆ ಬೀಳುತ್ತಿದೆ.

ಇಲ್ಲಿ ಫೋನು ಚೆನ್ನಾಗಿ ಸಿಗುತ್ತದೆ. ನಿನಗೆ ಮಾಡಿದೆ. ನೀನು "ಹಲೋ" ಎಂದೆ. ಆ ಧಾಟಿ ಥೇಟ್ ನಿನ್ನಣ್ಣನದ್ದೇ. ಇಟ್ಟುಬಿಟ್ಟೆ. ಮತ್ತೆ ಮಾಡಲು ಕೈ ಏಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಊರಿಗೆ ಹೊರಟ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಡುತ್ತೇನೆ, ನಾಳೆಗೆ ನಿನ್ನ ಕೈ ಸೇರುತ್ತದೆ.

ಆ ಅಧಿಕಾರಿಯನ್ನು ಕರೆದುಕೊಂಡು ಬಾ. ಸಹಿ ಆಗಿದ್ದರೂ ಬಾ, ಆಗದಿದ್ದರೂ ಬಾ. ನಿನ್ನ ಎರಡು ಚಿಪ್, ನೀರಿನ ಬಾಟಲು, ಏನಿದೆಯೋ ಎಲ್ಲ ತಾ. ನನ್ನ ಮಾತನ್ನು ಇಲ್ಲಿ ಯಾರೂ ನಂಬುತ್ತಿಲ್ಲ. ನೀನು ತೊಳೆದವಳು, ನಿನ್ನ ಮಾತು ನಂಬಬಹುದು.

ನಿನ್ನ ಮೇಲಿನ ಸಿಟ್ಟು ಹೋಯಿತು ಎಂದು ತಿಳಿಯಬೇಡ. ಹೋಗಿಲ್ಲ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ಬಾ. ಇದನ್ನು ಕೊಟ್ಟು ಒಳಗೆ ಹೋಗುತ್ತೇನೆ, ನೀನು ಬರುವವರೆಗೆ ಆ ಬೀರುವಿನ ಮುಂದೆಯೇ ನಿಂತಿರುತ್ತೇನೆ.

ಅತ್ತಿಗೆ